ಅತ್ತೆ ತೋಟಕ್ಕೆ ಬರುವುದನ್ನು ಬಿಟ್ಟ ವರ್ಷ

ನಾನು ಮದುವೆಯಾಗಿ ಹೊನ್ನವಳ್ಳಿ ಕಡೆಯ ಆ ಊರಿಗೆ ಬಂದದ್ದು ಎಪ್ಪತ್ತರ ದಶಕದ ನಡುವೆ. ಕಾಯಿ ಕೀಳಿಸುವುದು, ಕೊಬ್ಬರಿ ಮಾರುವುದು ಗಂಡಸರ ಕೆಲಸ. ಆದರೆ ತೆಂಗಿನ ಸಾಲುಗಳ ನಡುವೆ ಯಾವ ಮಳೆಗೆ ಏನು ಹಾಕಬೇಕು ಎನ್ನುವುದರಲ್ಲಿ ನಮ್ಮತ್ತೆ ಹೇಳಿದ್ದೇ ಕೊನೆ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ತೋಟ ಪೂರ್ತಿ ಸುತ್ತುತ್ತಿದ್ದರು. ಬಿಸಿಲು ಬೀಳುವ ಕಡೆ ಭರಣಿ ಮಳೆಗೆ ಹೆಸರುಕಾಳು, ನೆರಳಿಗೆ ಅರಿಶಿನ, ಬೇಲಿಯಂಚಿಗೆ ತೊಗರಿ. ಎಲ್ಲವೂ ಅವರ ತಲೆಯಲ್ಲೇ ಇರುತ್ತಿತ್ತು.

ಮೂರನೇ ವರ್ಷ ನನ್ನನ್ನೂ ಕರೆದರು. ನನ್ನ ತೋಳು ಹಿಡಿದುಕೊಂಡೇ ನಡೆದರು.

“ಇಲ್ಲಿ ನೆರಳು ಎಷ್ಟೈತೆ, ಹೇಳು.”

“ಅರ್ಧಕ್ಕರ್ಧ ಐತೆ ಅತ್ತೆ.”

“ಗರಿ ಬಣ್ಣ?”

“ಹಳದಿ ತಿರುಗೈತೆ.”

“ಹಂಗಾದ್ರೆ ಈ ಸಲ ಇಲ್ಲಿ ಹುರುಳಿ ಚೆಲ್ಲಿ ಮಗುಚಿ ಹಾಕ್ಸಣ. ನೆಲ ಸುಧಾರಿಸ್ಕಳ್ಳಿ ಬುಡು.”

ನನಗೆ ಕಲಿಸುತ್ತಿದ್ದಾರೆ ಎಂದುಕೊಂಡೆ. ತವರಿಗೆ ಹೋದಾಗ ಹೆಮ್ಮೆಯಿಂದ ಹೇಳಿಕೊಂಡೆ ಕೂಡ. ಮುಂದಿನ ಎರಡು ವರ್ಷವೂ ಹಾಗೆಯೇ ಸುತ್ತಿದೆವು.

ಐದನೇ ವರ್ಷ ಹೆಸರು ಮೊಳೆತು ಎರಡೆಲೆ ಬಿಟ್ಟಿತ್ತು. ನಾನು ಕೂಲಿ ಹೆಂಗಸರ ಜೊತೆ ಕಳೆ ತೆಗೆಯುತ್ತಿದ್ದೆ. ಅತ್ತೆ ಸಾಲಿನ ಮೇಲೇ ನಡೆದು ಬಂದರು.

“ನೋಡ್ಕೊಂಡು ನಡೀಬಾರ್ದಾ ಅತ್ತೆ? ಎಲ್ಲಾ ತುಳಿದಾಕಿದ್ರಲ್ಲ!” ಎಲ್ಲರೆದುರೇ ರೇಗಿಬಿಟ್ಟೆ.

ಅವರು ಒಂದು ಕಾಲು ಎತ್ತಿ ಹಾಗೇ ನಿಂತರು. “ಕಾಲು ಎಲ್ಲಿ ಇಡಲಿ, ಹೇಳವ್ವ” ಅಂದರು.

ಕೊಂಕು ಮಾತು ಎಂದುಕೊಂಡು ನಾನು ಮುಖ ತಿರುಗಿಸಿದೆ. ಕೂಲಿಯವಳೊಬ್ಬಳು ಎದ್ದು ಹೋಗಿ ಕೈ ಹಿಡಿದು ಬದುವಿಗೆ ಕರೆತಂದಳು. ಮಾರನೇ ದಿನದಿಂದ ಅತ್ತೆ ತೋಟಕ್ಕೆ ಬರಲಿಲ್ಲ.

ವಾರ ಕಳೆದಿರಬೇಕು. ಅವರ ಮುಂದೆ ಮಜ್ಜಿಗೆ ಲೋಟ ಇಟ್ಟೆ. ಅವರ ಕೈ ಲೋಟವನ್ನು ದಾಟಿ ನೆಲ ತಡವಿತು. ಲೋಟ ಎತ್ತಿ ಅವರ ಕೈಗೆ ಕೊಟ್ಟೆ. ತಿಪಟೂರಿಗೆ ಕರೆದುಕೊಂಡು ಹೋದೆವು. ಕಣ್ಣಿನ ನರ ಒಣಗಿದೆ, ಎರಡು ವರ್ಷ ಮೊದಲೇ ಬಂದಿದ್ದರೆ ಇದ್ದಷ್ಟನ್ನಾದರೂ ಉಳಿಸಬಹುದಿತ್ತು ಎಂದರು ಡಾಕ್ಟರು. ಎರಡು ವರ್ಷ. ನಾನು ಅವರಿಗೆ ನೆರಳು, ಬಣ್ಣ ಹೇಳುತ್ತಿದ್ದದ್ದೂ ಅಷ್ಟೇ ಕಾಲ.

“ಯಾಕತ್ತೆ ಹೇಳ್ಲಿಲ್ಲ?” ಬಸ್ಸಿನಲ್ಲಿ ಕೇಳಿದೆ.

“ಹೇಳಿದ್ರೆ ತೋಟಕ್ಕೆ ಹೋಗಬ್ಯಾಡ ಅಂತಿದ್ರಿ ಕಣವ್ವ.”

ಮುಂದಿನ ಯುಗಾದಿಗೆ ಎಷ್ಟು ಕರೆದರೂ ಬರಲಿಲ್ಲ. ಜಗಲಿಯ ಮೇಲೆ ಕೂತು ಕೇಳುತ್ತಿದ್ದರು. ನಾನು ಒಂದೊಂದೇ ಸಾಲು ವಿವರಿಸುತ್ತಿದ್ದೆ. ಬಾವಿ ಪಕ್ಕದ ಎರಡು ಮರಗಳನ್ನು ಅವರೇ ಸೊಸೆಯಾಗಿ ಬಂದ ಹೊಸದರಲ್ಲಿ ನೆಟ್ಟು, ನೀರು ಹೊತ್ತು ಬೆಳೆಸಿದ್ದರು. ಬುಡದಲ್ಲಿ ಅಣಬೆ ರೋಗ ಬಂದು ಆ ಚಳಿಗಾಲದಲ್ಲಿ ಎರಡನ್ನೂ ಕಡಿಸಿದ್ದೆವು. ಅವರಿಗೆ ಯಾರೂ ಹೇಳಿರಲಿಲ್ಲ.

“ಬಾವಿತಾವಿನ ಮರ ಹೆಂಗವೆ?”

“ಚೆನ್ನಾಗವೆ ಅತ್ತೆ.”

“ಅದರ ನೆರಳಾಗೆ ಅರಿಶಿನ ಹಾಕ್ಸು.”

ಹಾಕಿಸಿದೆ. ಬಟಾಬಯಲಿನ ಬಿಸಿಲಿಗೆ ಎಲೆಯ ತುದಿಗಳು ಸುಟ್ಟವು, ಗಿಡ ಮೊಳಕಾಲು ದಾಟಲಿಲ್ಲ. ಹೇಗಿದೆ ಎಂದು ಕೇಳಿದಾಗಲೆಲ್ಲ ಸೊಂಪಾಗಿದೆ ಎಂದೆ. ಅಗೆಯುವ ಹೊತ್ತಿಗೆ ಅತ್ತೆ ಇರಲಿಲ್ಲ. ಬೆರಳಿನಷ್ಟೂ ದಪ್ಪವಿಲ್ಲದ ಆ ಕೊಂಬುಗಳನ್ನು ಬೇಯಿಸದೆ, ಯಾರಿಗೂ ಕೊಡದೆ, ಅಲ್ಲೇ ಮಣ್ಣಿಗೆ ಮುಚ್ಚಿ ಮನೆಗೆ ಬಂದೆ.