ಕೆರೆಯ ಬಾಣಂತಿ

ಸಿದ್ದವ್ವ ಕೆರೆಗೆ ಇಳಿದರೆ ನೀರಿಗೇ ಗೊತ್ತಾಗುತ್ತಿರಲಿಲ್ಲ. ಸೀರೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ತಳವಿಲ್ಲದ ಬಿದಿರ ಬುಟ್ಟಿ ಹಿಡಿದು, ಕೊಕ್ಕರೆಯ ಹಾಗೆ ಕಾಲೆತ್ತಿ ಇಡುತ್ತಿದ್ದಳು. ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಹಾಕಿ ಮೀನು ಎತ್ತುತ್ತಿದ್ದಳು. ಮಕ್ಕಳೇ, ಅವಳು ನಿಮ್ಮ ತಾತನ ದೊಡ್ಡಮ್ಮ. ದೊಡ್ಡಮಳೂರಿಗೆ ಹತ್ತಿರದ ನಮ್ಮೂರಲ್ಲಿ ಗಂಡಸರೂ ಅವಳನ್ನು ಕೇಳಿಯೇ ಬಲೆ ಬಿಡುತ್ತಿದ್ದರು.

ಚನ್ನಪಟ್ಟಣದ ಅಂಗಡಿಯಲ್ಲಿ ಕೊರಮೀನು ಅಂತ ಮಾರುತ್ತಾರಲ್ಲ, ಹಾವಿನಂಥ ತಲೆಯದು, ಅದನ್ನು ನಮ್ಮವರು ಕುಚ್ಚು ಎನ್ನುತ್ತಿದ್ದರು. ಮರಿ ಮಾಡಿದ ಮೇಲೆ ಅದಕ್ಕೆ ಇನ್ನೊಂದು ಹೆಸರು, ಬಾಣಂತಿ. ಕೆಂಪು ಮರಿಗಳು ಕುಂಕುಮ ಚೆಲ್ಲಿದ ಹಾಗೆ ಗುಂಪಾಗಿ ತೇಲುತ್ತವೆ. ಕೆಳಗೆ ದೊಡ್ಡ ಮೀನು ಕಾಯುತ್ತಿರುತ್ತದೆ. ಆ ಹೆಸರನ್ನು ಯಾರೂ ಸುಮ್ಮನೆ ಆಡುತ್ತಿರಲಿಲ್ಲ. ಯಾರಾದರೂ ದಡದಲ್ಲಿ ನಿಂತು "ಬಾಣಂತಿ" ಎಂದರೆ ಆ ಮಗ್ಗುಲಿನ ಬಲೆಗಳೆಲ್ಲ ಮೇಲೆ ಬರಬೇಕು. ಮರಿಗಳು ಕಪ್ಪಗಾಗಿ ಚದುರಿದ ಮೇಲೆ ಅದು ಮತ್ತೆ ಬರೀ ಕುಚ್ಚು. ಆಗ ಹಿಡಿಯಬಹುದು, ಸಾರು ಮಾಡಬಹುದು.

ನನಗೆ ತವರಿರಲಿಲ್ಲ, ಬಾಣಂತನ ಇಲ್ಲೇ ಆಯಿತು. ನಿಮ್ಮಪ್ಪ ಹುಟ್ಟಿದಾಗ ನನಗೆ ಹಾಲು ಇಳಿಯಲಿಲ್ಲ. ಮಗು ಅತ್ತು ಅತ್ತು ದನಿ ಸಣ್ಣಗಾಯಿತು. ಕುಚ್ಚಿನ ಸಾರು ಕುಡಿದರೆ ಹಾಲು ಬರುತ್ತದೆಂದು ಸಿದ್ದವ್ವ ಬೆಳಗ್ಗೆಯೇ ಬುಟ್ಟಿ ಎತ್ತಿಕೊಂಡು ಹೋದಳು. ಮಧ್ಯಾಹ್ನ ಬರಿಗೈಲಿ ಬಂದು ಬಾಗಿಲಲ್ಲಿ ನಿಂತಳು.

"ಸಿಕ್ಕಿತ್ತು ಕಣವ್ವ. ತೋಳುದ್ದ ಇತ್ತು. ಕಿವಿರಿಗೆ ಬೆರಳು ಹಾಕಿದ್ದೆ. ಬುಟ್ಟಿ ಸುತ್ತ ನೋಡ್ತೀನಿ, ಕೆಂಪಗೆ ಮರಿಗೋಳು. ಬಾಣಂತಿ. ಬುಟ್ಬುಟ್ಟೆ."

ನನ್ನ ಅತ್ತೆ ಒಲೆಯ ಮುಂದಿಂದ ಎದ್ದು ಬಂದಳು. "ಏನಕ್ಕ ನೀನು, ಕೆರೇಲಿರೋಳು ಬಾಣಂತಿ, ಕ್ವಾಣೇಲಿರೋಳು ಏನು ಕಲ್ಲುಗುಂಡಾ?"

"ಇವ್ಳೂ ಬಾಣಂತೀನೇ. ಅದ್ಕೇ ಅವಳ್ನ ಕುಯ್ದು ಇವ್ಳಿಗೆ ಇಕ್ಕಾಕೆ ನನ್ ಕೈಲಾಗ್ಲಿಲ್ಲ," ಎಂದ ಸಿದ್ದವ್ವ, ಒಂದು ತುತ್ತೂ ಉಣ್ಣದೆ ಮತ್ತೆ ಕೆರೆಗೆ ಹೋದಳು.

ನಾನು ಗೋಡೆಗೆ ಮುಖ ಮಾಡಿ ಅಳುತ್ತ ಮಲಗಿದೆ. ದೀಪ ಹಚ್ಚುವ ಹೊತ್ತಿಗೆ ಅವಳು ಮಡಿಲಲ್ಲಿ ಬೆರಳುದ್ದದ ಮೀನುಗಳನ್ನು ತಂದಳು. ನೀರಲ್ಲಿ ನಿಂತೂ ನಿಂತೂ ಪಾದಗಳು ಬೆಳ್ಳಗೆ ನೆರಿಗೆಗಟ್ಟಿದ್ದವು. ಬೆಳ್ಳುಳ್ಳಿ, ಮೆಣಸು ಅರೆದು, ತಾನೇ ಸಾರು ಕಾಸಿ, ಮುಳ್ಳು ಬಿಡಿಸಿ ಉಣ್ಣಿಸಿದಳು. ಮಾರನೆಯ ದಿನವೂ ತಂದಳು, ಅದರ ಮಾರನೆಯ ದಿನವೂ. ಒಂದು ಬೆಳಗ್ಗೆ ನಿಮ್ಮಪ್ಪ ಗುಟುಕು ಗುಟುಕಾಗಿ ಹಾಲು ಕುಡಿಯುವ ಸದ್ದು ಕೇಳಿ ಸಿದ್ದವ್ವ ಕೋಣೆಯ ಹೊರಗೇ ಬುಟ್ಟಿ ಇಳಿಸಿ ಕೂತಳು. "ಕುಡೀಲಿ, ಕುಡೀಲಿ," ಎಂದಳು, ಅಷ್ಟೇ.

ಅವಳು ತೀರಿಕೊಂಡ ಮೇಲೆ ಕೆರೆಯ ಮೀನು ಹರಾಜಿಗೆ ಬಂತು, ಹೊರಗಿನವರು ಹಿಡಿಯತೊಡಗಿದರು. ಹೋದ ಮಳೆಗಾಲದಲ್ಲಿ ಏರಿಯ ಮೇಲೆ ಬರುತ್ತಿದ್ದೆ. ಹೊರಗಿನ ಹುಡುಗನೊಬ್ಬ ಬಲೆ ಬೀಸಲು ನಿಂತಿದ್ದ. ಅವನ ಮುಂದಿನ ನೀರು ಕೆಂಪಗಿತ್ತು. ನಿಮಗೇ ಗೊತ್ತು, ಬಸ್ಸು ನಿಲ್ಲಿಸಿ ಅನ್ನಲೂ ನಾಚುವವಳು ನಾನು.

"ಬಾಣಂತಿ ಅವ್ಳೆ ಕಣಪ್ಪ, ಬಲೆ ಎತ್ಕೊ," ಎಂದೆ.

"ಅಂಗಂದ್ರೇನಜ್ಜಿ?"

ಹೇಳಿದೆ. ಅವನು ಮರಿಗಳನ್ನು ನೋಡಿದ, ನನ್ನನ್ನು ನೋಡಿದ. ಬಲೆಯನ್ನು ಹೆಗಲಿಗೆ ಹಾಕಿಕೊಂಡು ಆಚೆ ದಡಕ್ಕೆ ನಡೆದ.

ಮರಿಗಳು ಜೊಂಡಿನ ಕಡೆ ಸರಿಯುವವರೆಗೂ ನಿಂತಿದ್ದೆ. ನೀರು ಅಲುಗಲಿಲ್ಲ. ಪಕ್ಕದಲ್ಲಿ ಸಿದ್ದವ್ವ ಇಳಿದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.