ಸೊಸೆ ಕರೆಯಬಾರದ ಹೆಸರು

ನನ್ನ ಮಗ ಹುಟ್ಟಿ ಹತ್ತು ತಿಂಗಳು ಹೆಸರಿಲ್ಲದೆ ಇದ್ದ. ಕೇಳಿದವರು ಬಾಯಿಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು. ಈ ಮೂರ್ಖತನದಲ್ಲಿ ನನ್ನದೂ ಪಾಲಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗಂಡ ಸೈನ್ಯದಲ್ಲಿ ಸಿಪಾಯಿ. ಎದುರಿಗೆ ಅವನಿಗೆ ‘ರೀ’ ಅನ್ನುತ್ತೇನೆ. ಬರೆಯುವಾಗ ಅಷ್ಟು ಗೌರವ ನನ್ನ ಕೈಗೆ ಬರುವುದಿಲ್ಲ. ಅವನ ಪಲ್ಟನ್ ಬೆಟ್ಟದ ಗಡಿಯಿಂದ ಇಳಿದು ಪಂಜಾಬಿನ ಒಂದು ಊರಿಗೆ ಬಂದು ವರ್ಷವಾಗಿತ್ತು. ಹೀಗೆ ಕೆಳಗಿದ್ದಾಗ ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು, ಕ್ವಾರ್ಟರ್ಸ್ ಕೊಡುತ್ತಾರೆ. ಮತ್ತೆ ಮೇಲೆ ಹೋದರೆ ಮುಗಿಯಿತು. ಮದುವೆಯಾಗಿ ಎರಡು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗಿದ್ದದ್ದು ಅವನ ಎರಡು ರಜೆಗಳಷ್ಟು. ಕೂಸನ್ನು ಎತ್ತಿಕೊಂಡು ಆ ಎರಡು ಕೋಣೆಯ ಕ್ವಾರ್ಟರ್ಸಿಗೆ ಹೋಗಬೇಕು, ಮೂವರೂ ಒಂದೇ ಸೂರಿನ ಕೆಳಗೆ ಇರಬೇಕು. ನನಗಿದ್ದ ಆಸೆ ಅದೊಂದೇ.

ಹೆರಿಗೆ ಆಳಂದದ ತವರಲ್ಲಿ ಆಯಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ಅಪ್ಪ ಎಲ್ಲ ಸಿದ್ಧ ಮಾಡಿದ್ದ. ಪಕ್ಕದ ಮನೆಯಿಂದ ಮರದ ತೊಟ್ಟಿಲು ಬಂದಿತ್ತು, ಹಂಚುವುದಕ್ಕೆ ಗುಗ್ಗರಿಯ ಕಡಲೆ ನೆನೆದಿತ್ತು. ಹಿಂದಿನ ಸಂಜೆ ಜೇವರ್ಗಿಯಿಂದ ಅತ್ತೆಯ ಫೋನು.

“ನನ್ನ ಮಗ ಇಲ್ಲದ ಕೂಸಿನ್ನ ತೊಟ್ಟಲಕ ಹಾಕೋದೇನ್ರಿ ಬೀಗರ? ಮುಂದಿನ ತಿಂಗಳು ರಜಾ ಮ್ಯಾಲ ಬರ್ತಾನ. ನಿಲ್ಲಸ್ರಿ.”

ಅಪ್ಪನ ಮುಖ ಸಪ್ಪಗಾಯಿತು. ಸಮಾಧಾನ ಹೇಳಿದವಳು ನಾನೇ. “ಇರಲಿ ಬಿಡಪ್ಪಾ, ಅವರೂ ಬರ್ಲಿ. ಒಂದು ತಿಂಗಳದಾಗ ಏನಾಗ್ತದ?” ನೆನೆದ ಕಡಲೆಯನ್ನು ಮೂರು ದಿನ ಉಸುಳಿ ಮಾಡಿಕೊಂಡು ತಿಂದೆವು.

ಆ ತಿಂಗಳ ರಜೆ ರದ್ದಾಯಿತು. ಆಮೇಲೆ ಯಾವುದೋ ಟ್ರೇನಿಂಗ್. ಅದು ಮುಗಿದರೆ ಇನ್ನೊಬ್ಬ ಸಿಪಾಯಿಯ ಅಪ್ಪ ತೀರಿಕೊಂಡು, ಅವನ ಬದಲಿಗೆ ಇವನು ಡ್ಯೂಟಿ ಮಾಡಬೇಕಾಯಿತು. ಮಗು ‘ಕೂಸು’ ಆಗಿಯೇ ಬೆಳೆಯಿತು. ಐದನೆಯ ತಿಂಗಳಿಗೆ ನಾನು ಜೇವರ್ಗಿಯ ಗಂಡನ ಮನೆಗೆ ಬಂದೆ. ಚುಚ್ಚುಮದ್ದಿನ ದಿನ ಅಂಗನವಾಡಿಯ ಟೀಚರ್ ಕಾರ್ಡ್ ತೆಗೆದು, “ಇನ್ನೂ ಹೆಸರಿಟ್ಟಿಲ್ಲೇನವಾ? ಮುಂದಿನ ಸಲ ಇವನೇ ಬಂದು ಹೇಳ್ತಾನ ನೋಡು” ಎಂದು ನಕ್ಕಳು. ಸುತ್ತಲಿದ್ದ ತಾಯಂದಿರೂ ನಕ್ಕರು, ನಾನೂ ನಕ್ಕೆ.

ಹೆಸರು ಇರಲಿಲ್ಲವೆಂದಲ್ಲ. ಬಸುರಿಯಿದ್ದಾಗ, ಅವನ ಹಿಂದಿನ ರಜೆಯಲ್ಲಿ, ಗಾಣಗಾಪುರಕ್ಕೆ ಹೋಗಿ ಭೀಮೆಯ ಮೆಟ್ಟಿಲ ಮೇಲೆ ಕೂತು ಗಂಡಾದರೆ ಒಂದು, ಹೆಣ್ಣಾದರೆ ಒಂದು ಎಂದು ಇಬ್ಬರೂ ಗೊತ್ತು ಮಾಡಿಕೊಂಡಿದ್ದೆವು. ಯಾರೂ ಇಲ್ಲದಾಗ ಕೂಸಿನ ಮುಂದೆ ಆ ಹೆಸರನ್ನು ಅಂದುಕೊಳ್ಳುತ್ತಿದ್ದೆ. ಜೋರಾಗಿ ಕರೆಯುತ್ತಿರಲಿಲ್ಲ. ಸೋದರತ್ತೆ ಕಿವಿಯಲ್ಲಿ ಹೇಳುವ ಮೊದಲು ಕರೆಯಬಾರದಲ್ಲ.

ವಿಡಿಯೋ ಕಾಲ್‌ನಲ್ಲಿ ಪ್ರತಿಸಲ ನನ್ನದು ಒಂದೇ ಪ್ರಶ್ನೆ. “ಕ್ವಾರ್ಟರ್ಸಿಂದು ಏನಾತ್ರಿ?”

“ಕೂಸಿನ ಹೆಸರು ಪಲ್ಟನ್ನಿನ ರಿಕಾರ್ಡಿಗೆ ಹತ್ತಬೇಕು, ಆಮ್ಯಾಲ ಕ್ವಾರ್ಟರ್ಸ್. ಹೆಸರ ಇಲ್ಲದ ಹ್ಯಾಂಗ ಹಚ್ಚಲಿ? ನಾ ಬಂದು ಕಾರ್ಯ ಆಗ್ಲಿ, ತಡೀ.”

ತಡೆದೆ. ಸುಮ್ಮನೆ ತಡೆಯಲಿಲ್ಲ, ಅವನ ಹಳೆಯ ಕರಿ ಟ್ರಂಕನ್ನು ಅಟ್ಟದಿಂದ ಇಳಿಸಿ ತುಂಬತೊಡಗಿದೆ. ಮಿಲಿಟರಿ ಕ್ಯಾಂಟೀನಿನಿಂದ ಅವನು ತಂದಿದ್ದ ಕುಕ್ಕರ್, ರೊಟ್ಟಿಯ ಹಂಚು, ಅವ್ವ ಕೂಸಿಗೆಂದು ಹೊಲಿದ ಕೌದಿ, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ. ಹಿಂಡಿ ಹಳತಾದಾಗ ತೆಗೆದು ಹೊಸದು ಕುಟ್ಟಿ ತುಂಬುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಹಂಚು ಯಾಕ ತುಂಬಾಕತ್ತೀಯವಾ? ಅಲ್ಲಿ ಜ್ವಾಳ ಸಿಗ್ತಾವೇನು?”

“ಇಲ್ಲಿಂದ ಹಿಟ್ಟು ಒಯ್ತೇನಿರಿ ಅತ್ತಿ,” ಅಂದಿದ್ದೆ.

ಹತ್ತನೆಯ ತಿಂಗಳಲ್ಲಿ, ಕಬ್ಬು ಕಡಿಯುವ ಕಾಲಕ್ಕೆ, ಅವನು ಇಪ್ಪತ್ತು ದಿನದ ರಜೆಯ ಮೇಲೆ ಬಂದ. ಬಂದ ನಾಲ್ಕನೆಯ ದಿನವೇ ಕಾರ್ಯ. ಅವನ ಅಕ್ಕ ಅಫಜಲಪುರದಿಂದ ಗಂಡನ ಜೊತೆ ಬಂದಳು. ಹತ್ತು ತಿಂಗಳ ಪೈಲ್ವಾನ ತೊಟ್ಟಿಲಲ್ಲಿ ಮಲಗುವುದುಂಟೆ? ಹಗ್ಗ ಹಿಡಿದು ಎದ್ದು ನಿಂತು ಕೂಗಾಡಿದ. ಇಬ್ಬರು ಹೆಂಗಸರು ಕಾಲು ಒತ್ತಿ ಹಿಡಿದರು. ಅಕ್ಕ ಬಗ್ಗಿ ಅವನ ಕಿವಿಯಲ್ಲಿ “ಕುರ್ರ್‌ರ್” ಎಂದು ಹೆಸರು ಹೇಳಿದಳು. ಸಂಪ್ರದಾಯದಂತೆ ಎಲ್ಲರೂ ಅವಳ ಬೆನ್ನಿಗೆ ದಬದಬ ಗುದ್ದಿ ನಕ್ಕರು. ಗದ್ದಲ ಇಳಿದ ಮೇಲೆ ಅವಳು ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

ನಮ್ಮ ಹೆಸರಲ್ಲ. ತೀರಿಹೋದ ನನ್ನ ಮಾವನ ಹೆಸರು.

ನಮ್ಮ ಮನೆಗಳಲ್ಲಿ ಸೊಸೆ ಮಾವನ ಹೆಸರನ್ನು ಬಾಯಿಂದ ಆಡುವುದಿಲ್ಲ. ಅತ್ತೆಯಂತೂ ಗಂಡನ ಹೆಸರು ಹೇಳುವ ಪ್ರಶ್ನೆಯೇ ಇಲ್ಲ. ಕಚೇರಿಯಲ್ಲಿ ಕೇಳಿದರೆ ಪಕ್ಕದವರಿಗೆ ಮೊಣಕೈ ತಿವಿದು ಹೇಳಿಸುತ್ತಾಳೆ. ಹುಡುಗನನ್ನು ಹಗಲೆಲ್ಲ ಎತ್ತಿ ಆಡಿಸುವ ಇಬ್ಬರೂ ಕರೆಯಲಾಗದ ಹೆಸರನ್ನು ಹುಡುಕಿ ಇಟ್ಟಿದ್ದರು. ಎಂಥ ಜಾಣರು ಇವರು!

ಊಟ ಮುಗಿದು, ಬಂದವರು ಹೋದ ಮೇಲೆ ಅವನು ಜಮಖಾನ ಮಡಚುತ್ತಿದ್ದ. ಇನ್ನೊಂದು ತುದಿ ಹಿಡಿದುಕೊಂಡು ಕೇಳಿದೆ.

“ಇದೇನ್ರಿ, ನಾವು ಮಾತಾಡಿದ್ದು ಬ್ಯಾರೆ ಹೆಸರಲ್ಲ?”

“ಅವ್ವನ ಆಸೆ ಇತ್ತು. ಈಗ ಬದಲು ಮಾಡಾಕ ಬರಂಗಿಲ್ಲ, ರಿಕಾರ್ಡಿಗೆ ಹತ್ತ್ಯಾದ.”

“ಯಾವಾಗ ಹತ್ತ್ಯಾದ?”

ಅವನು ಜಮಖಾನದ ಅಂಚನ್ನು ಸರಿಮಾಡುತ್ತ ನಿಂತ. “ಎರಡನೇ ತಿಂಗಳೇ. ಮಾಮಾ ಆಳಂದಕ್ಕ ಹೋಗಿ ಜನನ ಪತ್ರದಾಗ ಸೇರಿಸಿ ಕಳಿಸಿದ್ದ.” ಮಾಮಾ ಅಂದರೆ ಅಕ್ಕನ ಗಂಡ. ಆಳಂದಕ್ಕೆ ಬಂದವನು ನಮ್ಮ ಮನೆಗೂ ಬಂದು, ಹಾಸಿಗೆಯ ಹತ್ತಿರ ಕೂತು ಕೂಸಿನ ಕೆನ್ನೆ ಹಿಂಡಿ ಹೋಗಿದ್ದ.

“ಅಂದ್ರ ಕಾಗದ ಎಲ್ಲಾ ಆಗ್ಯಾವ? ಕ್ವಾರ್ಟರ್ಸ್?”

“ಬ್ಯಾಸಿಗ್ಯಾಗ ಪಾಳಿ ಬಂದಿತ್ತು. ಬಿಟ್ಟುಕೊಟ್ಟೆ. ಕೂಸು ನನ್ನ ಮುಂದ ಆಡ್ಲಿ ಅಂದ್ಲು ಅವ್ವ. ನಾನೂ ಹೂಂ ಅಂದೆ.”

“ಮತ್ತ ಯಾವಾಗ ಬರ್ತದ?”

“ಮತ್ತ ಪಾಳಿ ಬರೋದ್ರಾಗ ಪಲ್ಟನ್ ಮ್ಯಾಲ ಹೋಗ್ತದ.”

ನಾನು ಟ್ರಂಕ್ ತುಂಬತೊಡಗಿದ್ದು ಮಳೆಗಾಲದಲ್ಲಿ. ಕ್ವಾರ್ಟರ್ಸ್ ಬೇಸಿಗೆಯಲ್ಲೇ ಹೋಗಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದ್ದು, ಇವನು ಫೋನಿನಲ್ಲಿ ‘ತಡೀ’ ಅಂದದ್ದು, ಎಲ್ಲ ಅದಾದ ಮೇಲೆ. ಗುಂಡಿಗೆ ಎದೆಕೊಟ್ಟು ನಿಲ್ಲುತ್ತೇನೆಂದು ಆಣೆ ಮಾಡಿದವನಿಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೆತ್ತವಳಿಗೆ ಎರಡು ಮಾತು ಹೇಳುವ ಧೈರ್ಯವಿರಲಿಲ್ಲ. ನನಗೆ ಸುಳ್ಳು ಹೇಳುವ ಧೈರ್ಯ ಮಾತ್ರ ಬೇಕಾದಷ್ಟಿತ್ತು. ಥೂ ಅನ್ನಿಸಿತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯಲಿ ಎಂದು ನಾನೂ ಪ್ರಯತ್ನಪಟ್ಟಿಲ್ಲ.

ಉಳಿದ ಹದಿನಾರು ದಿನ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆ. ಅತ್ತೆ ಟ್ರಂಕಿನಿಂದ ಕುಕ್ಕರ್ ತೆಗೆದು ಒಲೆಗೆ ಏರಿಸಿದಳು. ಖಾಲಿಯಾದ ಟ್ರಂಕಿಗೆ ಜೋಳ ತುಂಬಿದಳು. ನಾನು ತಡೆಯಲಿಲ್ಲ.

ಅವನು ಹೊರಡುವ ದಿನ ಕೂಸನ್ನು ಸೊಂಟದ ಮೇಲೆ ಹೊತ್ತು ಜೇವರ್ಗಿಯ ಬಸ್‌ಸ್ಟ್ಯಾಂಡಿಗೆ ಹೋದೆ. ಕಲಬುರಗಿ ಬಸ್ಸಿನ ಕಿಟಕಿಯ ಪಕ್ಕ ಕೂತು ಅವನು ಕೈ ಹೊರಗೆ ಚಾಚಿದ. ಕೂಸು ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್ ನೋಡುತ್ತಿತ್ತು. ಅವನು ತನ್ನ ಅಪ್ಪನ ಹೆಸರು ಹಿಡಿದು ಮಗನನ್ನು ಕರೆದ. ಒಂದು ಸಲ, ಎರಡು ಸಲ, ಮೂರು ಸಲ. ಕೂಸಿಗೆ ಅದು ತನ್ನ ಹೆಸರೆಂದು ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಆ ಹೆಸರು ಕರೆಯುವವರೇ ಇರಲಿಲ್ಲ.

ಡ್ರೈವರ್ ಬಸ್ ಚಾಲೂ ಮಾಡಿದ. ಗಂಡನ ಕಣ್ಣು ತುಂಬಿತ್ತು, ಅದನ್ನೂ ನೋಡಿದೆ.

“ನೀ ಒಮ್ಮೆ ಕರಿ. ಈ ಕಡೆ ನೋಡ್ತಾನ.”

“ನಾ ಹ್ಯಾಂಗ ಕರೀಲಿರಿ? ಮಾವನ ಹೆಸರಲ್ಲ?” ಅಂದೆ.

“ಕೂಸೇ” ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು. ಎರಡು ಹಲ್ಲು ತೋರಿಸಿ ತಿರುಗಿ ನೋಡುತ್ತಿದ್ದ. ಅದು ನನಗೆ ಗೊತ್ತಿತ್ತು, ಗಂಡನಿಗೂ ಗೊತ್ತಿತ್ತು. ನಾನು ಅನ್ನಲಿಲ್ಲ. ಬಸ್ಸು ಹೋಯಿತು.