ಎರಡು ದಿನದ ಬಾಡಿಗೆ ತವರು

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು, ತವರಿನವರು ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ನಮ್ಮ ಕಡೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕರೆಯಲು ಯಾರೂ ಬರಲಿಲ್ಲ ಎಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅವ್ವ ತೀರಿಕೊಂಡ ಮೇಲೆ ಅಣ್ಣ ಊರಿನ ಮನೆ ಮಾರಿ ಸೋಲಾಪುರ ಸೇರಿದ. ಅಕ್ಕ ಇರುವುದು ಇಂಡಿ ತಾಲೂಕಿನ ಸಾಲೋಟಗಿಯ ಹತ್ತಿರ, ಅತ್ತೆಯ ಮನೆಯಲ್ಲಿ. ನಾನು ಮುದ್ದೇಬಿಹಾಳದಲ್ಲಿ ಹೈಸ್ಕೂಲಿಗೆ ಕನ್ನಡ ಕಲಿಸುತ್ತೇನೆ. ಆ ವರ್ಷ ಶ್ರಾವಣ ಇನ್ನೇನು ಬಂತು ಅನ್ನುವಾಗ ಅಕ್ಕ ಫೋನ್ ಮಾಡಿದಳು.

"ತಂಗಿ, ನಮ್ಮ ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಹೊಂಟಾರವಾ. ನಂಗ ಹೋಗಾಕ ಮನೀನ ಇಲ್ಲದಂಗಾತು ನೋಡು."

ಐವತ್ತಾರು ವರ್ಷದ ಹೆಂಗಸು ಅಷ್ಟು ಹೇಳಿ ಅತ್ತಳು. "ನಾ ಕರೀತೇನಿ, ಬಾ" ಅಂದುಬಿಟ್ಟೆ.

ಕರೆದದ್ದು ಕಾಟೇಜಿಗೆ. ಆಲಮಟ್ಟಿ ಹಿನ್ನೀರಿನ ದಂಡೆಗೆ ಯಾರೋ ತಮ್ಮ ಹೊಲದಲ್ಲಿ ಬಾಡಿಗೆಗೆಂದು ಕಟ್ಟಿಸಿದ್ದು. ಫೋನಿನಲ್ಲಿ ಫೋಟೊ ನೋಡಿದ್ದೆ: ಬೇವಿನ ಮರ, ಮರಕ್ಕೆ ಜೋಕಾಲಿ, ಒಳಗೆ ಬೆಳ್ಳಗಿನ ಹಾಸಿಗೆ, ಕಿಟಕಿಯಲ್ಲಿ ನೀರು. ಪಂಚಮಿಗೆ ಜೋಕಾಲಿ ಬೇಕೇ ಬೇಕು. ಎರಡು ದಿನ ಅಕ್ಕ ಕೈಗೆ ಕೆಲಸ ಹಚ್ಚದೆ ಜೀಕಲಿ, ಹೊಟ್ಟೆ ತುಂಬ ಉಂಡಿ ತಿನ್ನಲಿ ಎಂದುಕೊಂಡೆ. ಎಂಥ ತಂಗಿ ನಾನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕರೆಯಲು ಅವಳ ಊರಿಗೆ ಹೋಗಲಿಲ್ಲ. ಫೋಟೊ ಕಳಿಸಿ, ಬಸವನ ಬಾಗೇವಾಡಿ ಬಸ್ ಸ್ಟ್ಯಾಂಡಿಗೆ ಬಾ ಎಂದೆ. ಇಂಡಿಯಿಂದ ಎರಡು ಬಸ್ಸು ಬದಲಿಸಿ ಅಕ್ಕ ಬಂದಳು. ಹೊಸ ಇಳಕಲ್ ಸೀರೆ, ಬಗಲಲ್ಲಿ ಎರಡು ಡಬ್ಬಿ. ಶೇಂಗಾ ಉಂಡಿ, ಎಳ್ಳಿನ ಚಿಗಳಿ, ಜೋಳದ ಅಳ್ಳು, ಎಲ್ಲ ಅವಳೇ ಮಾಡಿಕೊಂಡು ತಂದಿದ್ದಳು. ತವರಿನವರು ಮಾಡಿ ಬಡಿಸಬೇಕಾದದ್ದನ್ನು ಮಗಳೇ ಹೊತ್ತು ತಂದಿದ್ದಾಳೆ ಎಂದು ಆಗ ನನಗೆ ಹೊಳೆಯಲಿಲ್ಲ.

ಕಾಟೇಜಿನ ಬಾಗಿಲಿಗೆ ಚಿಲಕ ಇರಲಿಲ್ಲ, ತಂತಿ ಸುತ್ತಿದ್ದರು. ಒಳಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಹಾಸಿಗೆ ಒದ್ದೆಯಾಗಿ ಒಣಗಿ ಹಳದಿ ಕಲೆ ಬಿದ್ದಿತ್ತು. ಬಚ್ಚಲಿನ ತುಂಬ ಪಾರಿವಾಳದ ಹಿಕ್ಕೆ. ನಲ್ಲಿ ತಿರುವಿದರೆ ಸ್ವಲ್ಪ ಹೊತ್ತು ಗಾಳಿ, ಆಮೇಲೆ ಕೆಮ್ಮಣ್ಣಿನ ಬಣ್ಣದ ನೀರು. ಬೇವಿನ ಮರವೇನೋ ಇತ್ತು, ಅದಕ್ಕೆ ಎರಡು ಸರಪಳಿಯೂ ಜೋತುಬಿದ್ದಿದ್ದವು, ಕೂರುವ ಹಲಗೆ ಮಾತ್ರ ಇರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಅಲ್ಲಿ ಕಾವಲಿಗಿದ್ದ ಮುದುಕನನ್ನು ಕರೆದು ತರಗತಿಯಲ್ಲಿ ಹುಡುಗರನ್ನು ಬೈಯುವ ಹಾಗೆ ಬೈದೆ.

"ಮಾಲಕರು ಈ ಕಡೆ ಬರೂದ ಬಿಟ್ಟಾರ್ರಿ" ಎಂದ ಅವನು. "ನೀವು ಬರ್ತೀರಂತ ನಂಗ ಇವತ್ತ ಮುಂಜಾನಿ ಗೊತ್ತಾತ್ರಿ. ನಾ ಏನ್ ಮಾಡ್ಲಿ ಹೇಳ್ರಿ?"

ನಾನು ಇನ್ನೂ ಕೂಗಾಡುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ಸರಬರ ಸದ್ದು. ಅಕ್ಕ ಹೊಸ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಕಸ ಹೊಡೆಯುತ್ತಿದ್ದಳು. "ಬಿಡ ಯಕ್ಕಾ" ಅಂದೆ. "ಹಬ್ಬದ ದಿನಾ ಹೊಲಸಿನ್ಯಾಗ ಕುಂಡ್ರತಾರನು?" ಅಂದಳು. ಬಚ್ಚಲು ತೊಳೆದಳು, ಹಾಸಿಗೆ ಎತ್ತಿ ಗೋಡೆಗೆ ಆನಿಸಿದಳು, ತನ್ನ ಹಳೇ ಸೀರೆ ಹಾಸಿದಳು. ತವರಿಗೆ ಬಂದ ಮಗಳು ಕಸಬರಿಗೆ ಮುಟ್ಟಬಾರದು ಎಂದು ಅವ್ವ ಅದನ್ನು ಬಾಗಿಲ ಹಿಂದೆ ಬಚ್ಚಿಡುತ್ತಿದ್ದಳು. ನಾನು ಒಂದು ಕೊಡ ನೀರು ತಂದುಕೊಟ್ಟೆ, ಅಷ್ಟೇ. ಕಾಟೇಜಿನ ಬಗ್ಗೆ ಅವಳು ಒಂದು ಕೆಟ್ಟ ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಮುಂಜಾನೆ ಅಕ್ಕ ದಂಡೆಯಿಂದ ಕರಿಮಣ್ಣು ತಂದು ನಾಗಪ್ಪನನ್ನು ಮಾಡಿದಳು. ಕಾವಲಿನ ಮುದುಕ ಒಂದು ಲೋಟ ಹಾಲು ತಂದುಕೊಟ್ಟ. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ, ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಸಲ ಎರೆಯುವುದು ನಮ್ಮ ಪದ್ಧತಿ. ಅಕ್ಕ ಶುರುಮಾಡಿದಳು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಅಣ್ಣನ ಪಾಲು."

ಮನೆ ಮಾರಿದ ಅಣ್ಣನ ಪಾಲನ್ನೂ ಅವಳು ಬಿಡಲಿಲ್ಲ. ಆಮೇಲೆ "ತಂಗಿ ಮನಿ ಪಾಲು" ಎಂದು ಎರೆದು, ಬಟ್ಟಲು ಕೆಳಗಿಟ್ಟು, ನನ್ನ ಕಡೆ ತಿರುಗಿದಳು.

"ನಿನ್ನ ಮನಿ ಐತೆಲ್ಲ, ತಂಗಿ. ಇಲ್ಲಿಗ್ಯಾಕ ಕರದಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದಳು. "ನಿಂಗ ಆರಾಮ ಸಿಗ್ಲಿ ಅಂತ" ಎಂದೆ. ಅವಳು ಹೂಂ ಅಂದಳು.

ಅದು ಸುಳ್ಳು. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇದೆ. ಯಜಮಾನರು ಬೇಡ ಎನ್ನುವವರಲ್ಲ, ಎಷ್ಟೋ ಸಲ ಅವರೇ ಕೇಳಿದ್ದಾರೆ. ಬೇಡವಾಗಿದ್ದದ್ದು ನನಗೆ. ಅಕ್ಕ ತಂಬಾಕು ಹಾಕುತ್ತಾಳೆ, ಅಂಗಳದಲ್ಲಿ ಉಗುಳುತ್ತಾಳೆ, ಗಟ್ಟಿ ದನಿಯಲ್ಲಿ ಮಾತಾಡುತ್ತಾಳೆ. ಅಕ್ಕಪಕ್ಕದ ಮನೆಗಳಲ್ಲಿ ನನ್ನ ಜೊತೆಗೆ ಕೆಲಸ ಮಾಡುವವರು ಇದ್ದಾರೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಹೆಂಗಸು ಎಂದು ಅವರಿಗೆ ತೋರಿಸಲು ನನಗೆ ನಾಚಿಕೆಯಾಗುತ್ತಿತ್ತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಇದು ಬೇರೆ ನಾಚಿಕೆ.

ಎರಡನೆಯ ರಾತ್ರಿಗೆ ನಾವು ನಿಲ್ಲಲಿಲ್ಲ. ಊಟ ಮುಗಿಸಿ ನಿಡಗುಂದಿಗೆ ಬಂದೆವು. ಮುದ್ದೇಬಿಹಾಳದ ಬಸ್ಸು ನಿಂತೇ ಇತ್ತು. ಅಕ್ಕ ಅದರ ಬೋರ್ಡು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಬಾ, ಹತ್ತು" ಅನ್ನುವುದು ಎರಡೇ ಮಾತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ವಿಜಯಪುರದ ಬಸ್ಸು ಬಂತು, ಅಕ್ಕ ಖಾಲಿ ಡಬ್ಬಿ ಎತ್ತಿಕೊಂಡಳು.

"ಛಲೋ ಆತು ಬಿಡವಾ, ಹೊಳಿ ನೋಡಿದಂಗಾತು" ಎಂದು ಕಿಟಕಿಯಿಂದ ಹೇಳಿದಳು.

ನಾನು ನನ್ನ ಬಸ್ಸಿನಲ್ಲಿ ಕೂತ ಕೂಡಲೇ ಕಾಟೇಜಿನ ಮಾಲೀಕರಿಗೆ ಮೆಸೇಜು ಬರೆಯತೊಡಗಿದೆ. ಕನ್ನಡ ನನ್ನ ಕಸುಬು, ಸಿಟ್ಟೂ ಇತ್ತು, ಮಾತು ತಾನಾಗಿಯೇ ಬಂತು. ನಂಬಿ ಬಂದವರನ್ನು ನಡೆಸಿಕೊಳ್ಳುವ ರೀತಿಯೇ ಇದು? ಒಳ್ಳೆಯ ಫೋಟೊ ತೋರಿಸಿ ಕರೆಯುತ್ತೀರಿ, ಬಂದವರಿಗೆ ಒಂದು ಹಾಸಿಗೆ ಕೊಡುವ ಮನಸ್ಸಿಲ್ಲವೇ ನಿಮಗೆ? ಕಳಿಸುವ ಮೊದಲು ತಪ್ಪಿದೆಯೇ ಎಂದು ಓದಿ ನೋಡುವುದು ಅಭ್ಯಾಸ. ಓದಿದೆ. ಮತ್ತೊಮ್ಮೆ ಓದಿದೆ. ಆಮೇಲೆ ಒಂದೊಂದೇ ಅಕ್ಷರ ಅಳಿಸುತ್ತ ಮುದ್ದೇಬಿಹಾಳ ಬರುವವರೆಗೂ ಕೂತಿದ್ದೆ.